2027ರ ಯುಗಾದಿಗೆ ನಮ್ಮ ಹಾಲ್ ಇರುತ್ತಾ? 21 ಹೆಸರು ಬೇಕು (ಇಂಗ್ಲೆಂಡ್‌ನ ಸರ್ರೆಯಲ್ಲಿರುವ ಕನ್ನಡ ಕುಟುಂಬಗಳ ಗುಂಪು)

ಸವಿತಾ | ಭಾನುವಾರ ಬೆಳಿಗ್ಗೆ 10:12
ಎಲ್ಲರಿಗೂ ನಮಸ್ಕಾರ. ನಿನ್ನೆ ಯುಗಾದಿ ಊಟಕ್ಕೆ ಬಂದವರಿಗೆ, ಒಬ್ಬಟ್ಟು ಮಾಡಿ ತಂದವರಿಗೆ, ಕೊನೆಯವರೆಗೂ ನಿಂತು ಕುರ್ಚಿ ಜೋಡಿಸಿದವರಿಗೆ ತುಂಬಾ ಥ್ಯಾಂಕ್ಸ್.

ಈಗ ಒಂದು ಮುಖ್ಯ ವಿಷಯ. ಊಟ ನಡೆದ ಕೌನ್ಸಿಲ್ ಹಾಲ್‌ನ ಬೀಗದ ಕೈ ವಾಪಸ್ ಕೊಡುವಾಗ ಮುಂದಿನ ವರ್ಷದ್ದೂ ಈಗಲೇ ಬುಕ್ ಮಾಡೋಣ ಅಂತ ಕೇಳಿದೆ. 2027ರಲ್ಲಿ ಯುಗಾದಿ ಏಪ್ರಿಲ್ 7, ಬುಧವಾರ. ನಮಗೆ ಬೇಕಾದದ್ದು 10ನೇ ತಾರೀಖು ಶನಿವಾರ. ಬುಕಿಂಗ್ ನೋಡಿಕೊಳ್ಳುವವರು ಡೈರಿ ತೆಗೆದರು. ಮಾರ್ಚ್ 31ರವರೆಗೆ ಗೆರೆ ಎಳೆದು ತಾರೀಖು ಬರೆದಿದ್ದರು. ಅದರಾಚೆ ಬರೀ ಬಿಳಿ ಹಾಳೆ. "ಅಲ್ಲಿಂದ ಮುಂದೆ ಹಾಲ್ ಯಾರ ಕೈಗೆ ಹೋಗುತ್ತೋ, ಬಾಡಿಗೆ ಎಷ್ಟಾಗುತ್ತೋ ಗೊತ್ತಿಲ್ಲ" ಅಂದರು. ನಮ್ಮ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಅವರ ತಪ್ಪೇನೂ ಇಲ್ಲ, ಅವರಿಗೆ ತಿಳಿದಿರುವುದೇ ಅಷ್ಟು. ಆದರೆ ಆ ಪೆನ್ಸಿಲ್ ಗುರುತು ನೋಡಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ದೀಪ್ತಿ | 10:20
ಅಕ್ಕ, ಮಾರ್ಚ್ 31ಕ್ಕೆ ಏನಾಗುತ್ತೆ? ನಾವು ಬಂದು ಆರು ತಿಂಗಳಾಯಿತಷ್ಟೇ, ಇದೆಲ್ಲ ಗೊತ್ತಿಲ್ಲ.

ಸವಿತಾ | 10:41
ದೀಪ್ತಿ, ಒಳ್ಳೆಯದಾಯಿತು ಕೇಳಿದ್ದು. ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈಗ ನಮ್ಮನ್ನು ಆಳುವುದು ಎರಡು ಕೌನ್ಸಿಲ್, ಅಂದರೆ ಎರಡು ಸ್ಥಳೀಯ ಆಡಳಿತ. ಸ್ಕೂಲ್ ಸೀಟು, ರಸ್ತೆ, ಲೈಬ್ರರಿ, ವಯಸ್ಸಾದವರ ಆರೈಕೆ ಎಲ್ಲ ಸರ್ರೆ ಕೌಂಟಿ (ನಮ್ಮ ಕಡೆಯ ಜಿಲ್ಲೆಯಂತೆ). ಕಸದ ಡಬ್ಬ, ಪಾರ್ಕ್, ಮನೆ ಕಟ್ಟಲು ಪರ್ಮಿಷನ್, ನಮ್ಮ ಹಾಲ್ ಇವೆಲ್ಲ 'ಬರೋ' (borough, ಕೌಂಟಿಯ ಒಳಗಿನ ಒಂದು ಭಾಗ) ಕೌನ್ಸಿಲ್. 2024ರ ಡಿಸೆಂಬರ್‌ನಲ್ಲಿ ಸರ್ಕಾರ ಇಂಗ್ಲೆಂಡ್‌ನಲ್ಲಿ ಇಂಥ ಎರಡು ಹಂತ ಇರುವ ಕಡೆಯೆಲ್ಲ ಒಂದೇ ಹಂತ ಮಾಡುತ್ತೇವೆ ಅಂತ ಹೇಳಿತು. ಒಂದೊಂದು ಕೌನ್ಸಿಲ್‌ಗೆ ಸುಮಾರು 5 ಲಕ್ಷ ಜನ ಇರಲಿ ಅನ್ನುವ ಲೆಕ್ಕ. ಸರ್ರೆಯನ್ನು ಮೊದಲ ಸಾಲಿನಲ್ಲೇ ಹಿಡಿದುಕೊಂಡರು. ಕೌಂಟಿ ಒಂದು, ಬರೋ ಮತ್ತು ಡಿಸ್ಟ್ರಿಕ್ಟ್ ಹನ್ನೊಂದು, ಒಟ್ಟು ಹನ್ನೆರಡು ಕೌನ್ಸಿಲ್ ಹೋಗಿ ಎರಡೇ ಉಳಿಯುತ್ತವೆ: ಈಸ್ಟ್ ಸರ್ರೆ, ವೆಸ್ಟ್ ಸರ್ರೆ. 2025ರ ಅಕ್ಟೋಬರ್ 28ಕ್ಕೆ ಇದು ತೀರ್ಮಾನವಾಯಿತು. ನಾವು ವೆಸ್ಟ್. ಗಿಲ್ಡ್‌ಫರ್ಡ್, ವೋಕಿಂಗ್, ವೇವರ್ಲಿ, ಸರ್ರೆ ಹೀತ್, ರನಿಮೀಡ್, ಸ್ಪೆಲ್‌ತಾರ್ನ್ ಆರೂ ಸೇರಿ ಒಂದು. 2021ರ ಜನಗಣತಿ ಪ್ರಕಾರ ಆರೂವರೆ ಲಕ್ಷ ಜನ.

2027ರ ಏಪ್ರಿಲ್ 1ಕ್ಕೆ ಹೊಸ ಕೌನ್ಸಿಲ್ ಅಧಿಕಾರ ವಹಿಸಿಕೊಳ್ಳುತ್ತದೆ. ಹಳೆಯವುಗಳ ಆಸ್ತಿ, ಸಾಲ, ಸಿಬ್ಬಂದಿ ಎಲ್ಲ ಅದಕ್ಕೆ ಹೋಗುತ್ತದೆ. ನಮ್ಮ ಹಾಲೂ ಅದರಲ್ಲಿ ಒಂದು.

ಮಂಜುನಾಥ್ | 11:05
ಸಾಲ ಅಂದಿರಲ್ಲ, ಅದನ್ನೇ ನಾನು ಹೇಳಬೇಕು ಅಂತಿದ್ದೆ. ಪಕ್ಕದ ವೋಕಿಂಗ್ 2023ರ ಜೂನ್‌ನಲ್ಲಿ ಕೈಯಲ್ಲಿ ದುಡ್ಡಿಲ್ಲ ಅಂತ ಸೆಕ್ಷನ್ 114 ನೋಟಿಸ್ ಕೊಟ್ಟಿತು. ಸುಮಾರು 200 ಕೋಟಿ ಪೌಂಡ್ ಸಾಲ. ಇರುವುದು ಒಂದು ಲಕ್ಷ ಜನ! ಅದರಲ್ಲಿ 50 ಕೋಟಿ ನಾವು ತೀರಿಸುತ್ತೇವೆ ಅಂತ ಸರ್ಕಾರ ಒಪ್ಪಿದೆ. ಉಳಿದದ್ದು? ಸ್ಪೆಲ್‌ತಾರ್ನ್ ತಲೆ ಮೇಲೂ ದೊಡ್ಡ ಸಾಲ ಇದೆ. ಎಲ್ಲ ಒಂದೇ ಚೀಲಕ್ಕೆ ಬಿದ್ದ ಮೇಲೆ ಹೊಸಬರು ಮೊದಲು ನೋಡುವುದೇ ಮಾರಬಹುದಾದ ಜಾಗ. ನಮ್ಮ ಹಾಲ್ ಇರುವ ಜಾಗದಲ್ಲಿ ನಾಲ್ಕು ಮನೆ ಏಳಬಹುದು. ಇದು ನನ್ನ ಊಹೆ, ಯಾರೂ ಹಾಗೆ ಹೇಳಿಲ್ಲ. ಆದರೂ ಸುಮ್ನೆ ಕೂರುವುದು ಸರಿಯಲ್ಲ.

ರೇಖಾ | 11:18
ನನಗೆ ಈ ಲೆಕ್ಕ ಪತ್ರ ಅಷ್ಟು ತಿಳಿಯಲ್ಲ. ನನಗೆ ಗೊತ್ತಿರುವುದು ಶನಿವಾರದ ಕನ್ನಡ ಕ್ಲಾಸ್. ಹಿಂದಿನ ರೂಮಿನ ಕಬ್ಬಿಣದ ಬೀರುವಿನಲ್ಲಿ ನಮ್ಮ ಸ್ಲೇಟು, ವರ್ಣಮಾಲೆ ಚಾರ್ಟು, ಎರಡು ದೊಡ್ಡ ಪಾತ್ರೆ ಇವೆ. ಬೀರುವಿನ ಮೇಲೆ ಮಕ್ಕಳು ಅಂಟಿಸಿದ 'ಳ' ಅಕ್ಷರ ಇನ್ನೂ ಇದೆ. ಅದನ್ನು ಬರೆದ ಹುಡುಗಿ ಈಗ ಹೈಸ್ಕೂಲು. ಮನೆಯಲ್ಲಿ 'ಲ' ಅಂತಿದ್ದವಳು ಅವತ್ತು 'ಬಾಳೆಹಣ್ಣು' ಅಂತ ಸರಿಯಾಗಿ ಹೇಳಿ ಎಲ್ಲರಿಗೂ ಒಂದೊಂದು ಹಣ್ಣು ಹಂಚಿದ್ದಳು. ಬೆಳಿಗ್ಗೆ ನಮ್ಮ ಕ್ಲಾಸ್, ಮಧ್ಯಾಹ್ನ ಇಲ್ಲಿನ ಅಜ್ಜಿಯರ ಹೆಣಿಗೆ ಗುಂಪು. ಅವರು ನಮ್ಮ ಮಕ್ಕಳಿಗೆ ಟೋಪಿ ಹೆಣೆದು ಕೊಟ್ಟಿದ್ದಾರೆ. ಹಾಲ್ ಉಳಿಸುವುದಾದರೆ ಅವರನ್ನೂ ಕೇಳೋಣ. ನಮ್ಮದೊಂದೇ ಅಲ್ಲ ಅದು.

ಹರೀಶ್ | 11:30
ಕೌನ್ಸಿಲ್ ಒಂದಾದರೆ ಒಂದು ಅನುಕೂಲವೂ ಇದೆ ಅಂತ ನನ್ನ ಅಭಿಪ್ರಾಯ. ಗುಂಡಿಗೆ ಒಂದು ಕಡೆ, ಕಸಕ್ಕೆ ಇನ್ನೊಂದು ಕಡೆ ಫೋನ್ ಮಾಡುವುದು ತಪ್ಪುತ್ತದೆ. ಆದರೆ ಬೆಂಗಳೂರು ನೋಡಿ ಬೆಳೆದವನಿಗೆ ಭಯವೂ ಆಗುತ್ತದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಒಡೆದು ಐದು ಪಾಲಿಕೆ ಮಾಡಿದರು. ಅಲ್ಲಿ ಒಡೆಯುತ್ತಾರೆ, ಇಲ್ಲಿ ಸೇರಿಸುತ್ತಾರೆ. ಎರಡೂ ಕಡೆ ಅಂಚಿನಲ್ಲಿ ಇರುವವರು ಮೊದಲೇ ಬಾಯಿ ಬಿಟ್ಟು ಕೇಳಬೇಕು.

ನಾಗರಾಜ್ | 12:02
ಕೇಳುವುದಕ್ಕೆ ದಾರಿ ಇದೆ. ನಾನು ಇದನ್ನು ಕೆಲವು ದಿನದಿಂದ ಓದುತ್ತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

2011ರ ಲೋಕಲಿಸಂ ಕಾಯ್ದೆಯಲ್ಲಿ 'ಅಸೆಟ್ ಆಫ್ ಕಮ್ಯುನಿಟಿ ವ್ಯಾಲ್ಯೂ' ಅಂತ ಇದೆ. ಊರಿನ ಜನ ಸೇರುವ ಜಾಗವನ್ನು ಆ ಪಟ್ಟಿಗೆ ಸೇರಿಸಿ ಅಂತ ನಾವು ಅರ್ಜಿ ಕೊಡಬಹುದು. ಕೌನ್ಸಿಲ್‌ನದೇ ಕಟ್ಟಡ ಆದರೂ ಸರಿ. ಕೌನ್ಸಿಲ್ 8 ವಾರದಲ್ಲಿ ತೀರ್ಮಾನ ಹೇಳಬೇಕು. ಸೇರಿದರೆ 5 ವರ್ಷ ಪಟ್ಟಿಯಲ್ಲಿ ಇರುತ್ತದೆ. ಆಮೇಲೆ ಯಾರೇ ಮಾರಲು ಹೊರಟರೂ ಮೊದಲು ತಿಳಿಸಬೇಕು. ಆರು ವಾರದ ಒಳಗೆ ನಾವು ಕೊಳ್ಳಲು ಯತ್ನಿಸುತ್ತೇವೆ ಅಂತ ಹೇಳಿದರೆ ಒಟ್ಟು 6 ತಿಂಗಳು ಮಾರಾಟ ನಿಲ್ಲುತ್ತದೆ.

ಎರಡು ಎಚ್ಚರಿಕೆ. ನಮಗೇ ಮಾರಬೇಕು ಅಂತ ಕಾನೂನಿನಲ್ಲಿ ಇಲ್ಲ. ನಮಗೆ ಸಿಗುವುದು ಸಮಯ. ಇನ್ನೊಂದು, ಅರ್ಜಿ ಕೊಡಲು ನಮ್ಮಂಥ ನೋಂದಣಿ ಇಲ್ಲದ ಗುಂಪು ಸಾಕು, ಆದರೆ ಆ 6 ತಿಂಗಳ ತಡೆ ಕೇಳಲು ಚಾರಿಟಿಯಂಥ ನೋಂದಾಯಿತ ಸಂಸ್ಥೆ ಬೇಕು. ಅದನ್ನು ಬೇಸಿಗೆಯಲ್ಲಿ ಮಾಡೋಣ. ಮೊದಲು ಅರ್ಜಿ.

ಅರ್ಜಿಗೆ ಕನಿಷ್ಠ 21 ಜನ ಬೇಕು. ಈ ಬರೋದಲ್ಲಿ ಅಥವಾ ಪಕ್ಕದ ಬರೋದಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರು ಇರುವವರೇ ಆಗಬೇಕು. ನಮ್ಮ ಗುಂಪಿನಲ್ಲಿ 34 ಮನೆ ಇದೆ. ಪಟ್ಟಿಯಲ್ಲಿ ಎಷ್ಟು ಜನ?

ಸವಿತಾ | 12:09
ನಮ್ಮ ಮನೆಯಲ್ಲಿ ಇಬ್ಬರು.

ಮಂಜುನಾಥ್ | 12:10
ನಮ್ಮದು ಇಬ್ಬರು.

ಹರೀಶ್ | 12:15
ಒಬ್ಬ. ಹೆಂಡತಿಯದು ಇಂಡಿಯನ್ ಪಾಸ್‌ಪೋರ್ಟ್, ವೋಟ್ ಇಲ್ಲ.

ದೀಪ್ತಿ | 12:16
ನಮ್ಮದೂ ವರ್ಕ್ ವೀಸಾ. ಸಾರಿ ಅಂಕಲ್, ನಮ್ಮ ಹೆಸರು ಲೆಕ್ಕಕ್ಕೆ ಬರಲ್ಲ.

ನಾಗರಾಜ್ | 12:24
ಬರುತ್ತದಮ್ಮ! ಹರೀಶ್, ನೀವೂ ಓದಿ. ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ವಾಸ ಇದ್ದು, ಇರಲು ವೀಸಾ ಅನುಮತಿ ಇರುವ ಕಾಮನ್‌ವೆಲ್ತ್ ಪ್ರಜೆಗೆ ಈ ದೇಶದಲ್ಲಿ ವೋಟ್ ಇದೆ. ಕೌನ್ಸಿಲ್‌ಗೂ ಇದೆ, ಪಾರ್ಲಿಮೆಂಟ್‌ಗೂ ಇದೆ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ನನ್ನ ಮಗಳಿಗೂ ನಾಲ್ಕು ವರ್ಷ ಇದು ಗೊತ್ತಿರಲಿಲ್ಲ. ಅಷ್ಟು ವರ್ಷ ವೋಟ್ ಹಾಕದೇ ಹೋದಳಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಸರ್ಕಾರದ ವೆಬ್‌ಸೈಟಿನಲ್ಲಿ ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಇಲ್ಲಿ ಕೆಲಸಕ್ಕೆ ಸೇರಲು ಕೊಡುವ ನಂಬರ್) ಹತ್ತಿರ ಇಟ್ಟುಕೊಳ್ಳಿ. ಮತಗಟ್ಟೆಗೆ ಹೋಗುವಾಗ ಇಂಡಿಯನ್ ಪಾಸ್‌ಪೋರ್ಟೇ ಗುರುತಿನ ಚೀಟಿ.

ದೀಪ್ತಿ | 12:27
ಅಂಕಲ್ ನಿಜವಾಗಲೂ?! ಬೆಂಗಳೂರಲ್ಲಿ ಪ್ರತಿ ಸಲ ವೋಟ್ ಹಾಕಿ ಬೆರಳಿನ ಫೋಟೋ ಅಮ್ಮನಿಗೆ ಕಳಿಸ್ತಿದ್ದೆ. ಇಲ್ಲಿ ಬಂದ ಮೇಲೆ ಅದೆಲ್ಲ ಮುಗೀತು ಅಂದುಕೊಂಡಿದ್ದೆ.

ಸವಿತಾ | 12:40
2026ರ ಮೇ 7ಕ್ಕೆ ವೆಸ್ಟ್ ಸರ್ರೆಯ ಮೊದಲ ಚುನಾವಣೆ. 90 ಜನರನ್ನು ಆರಿಸಬೇಕು. ಗೆದ್ದವರು ಒಂದು ವರ್ಷ ತಯಾರಿ ಮಾಡುತ್ತಾರೆ, ಅಲ್ಲಿವರೆಗೆ ಹಳೆಯ ಕೌನ್ಸಿಲ್‌ಗಳೂ ನಡೆಯುತ್ತವೆ. ಯಾವ ಹಾಲ್ ಉಳಿಸಬೇಕು, ಬಾಡಿಗೆ ಎಷ್ಟು ಅನ್ನುವುದೆಲ್ಲ ಆ 90 ಜನರ ಮುಂದೆ ಬರುತ್ತದೆ. ವೋಟ್ ಕೇಳಿಕೊಂಡು ಮನೆಗೆ ಬಂದವರಿಗೆ ಎಲ್ಲರೂ ಒಂದೇ ಪ್ರಶ್ನೆ ಕೇಳಿ: "ಈ ಹಾಲ್ ಬಗ್ಗೆ ನಿಮ್ಮ ನಿಲುವೇನು?" ಉತ್ತರವನ್ನು ಇಲ್ಲಿ ಬರೆಯಿರಿ. ಯಾವ ಪಕ್ಷ ಅನ್ನುವುದು ನಿಮ್ಮಿಷ್ಟ, ಅದರ ಚರ್ಚೆ ಈ ಗುಂಪಿನಲ್ಲಿ ಬೇಡ.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ಏಪ್ರಿಲ್ 20 ಕೊನೆ ದಿನ. ಆಮೇಲೆ ಮಾಡಿದರೆ ಮೇ 7ಕ್ಕೆ ಸಿಗಲ್ಲ.

ಮಂಜುನಾಥ್ | 12:52
ನೋಡಲು ಬಂದಿರುವ ಅಪ್ಪ ಅಮ್ಮಂದಿರ ಹೆಸರು ದಯವಿಟ್ಟು ಹಾಕಬೇಡಿ. ಇಲ್ಲೇ ವಾಸ ಇರುವವರದು ಮಾತ್ರ. ಒಂದು ಹೆಸರು ತಪ್ಪಾದರೂ ಅರ್ಜಿಗೆ ತೊಂದರೆ.

ರೇಖಾ | 13:10
ಹೆಣಿಗೆ ಗುಂಪಿನವರಿಗೆ ಫೋನ್ ಮಾಡಿದೆ. ಏಳು ಜನ ಸಹಿ ಹಾಕುತ್ತಾರಂತೆ. ಒಬ್ಬರು 1970ರ ದಶಕದಿಂದ ಆ ಹಾಲ್‌ಗೆ ಬರುತ್ತಿದ್ದಾರೆ. ಅಲ್ಲಿ ಏನೇನು ನಡೆಯುತ್ತಿತ್ತು ಅಂತ ಒಂದು ಪುಟ ಬರೆದುಕೊಡುತ್ತೇನೆ ಅಂದರು. ಅರ್ಜಿಯಲ್ಲಿ ಜಾಗದ ಬಳಕೆ ವಿವರಿಸಬೇಕಲ್ವಾ ಅಂಕಲ್, ಅದಕ್ಕೆ ಆಗುತ್ತೆ.

ನಾಗರಾಜ್ | 13:14
ತುಂಬಾ ಒಳ್ಳೆಯದು ರೇಖಾ ಮೇಡಂ. ನಮ್ಮ ಕ್ಲಾಸಿನ ಹಾಜರಿ ಪುಸ್ತಕವನ್ನೂ ಇಡಿ. ವಾರವಾರ ಜನ ಬರುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಕಿಲ್ಲ.

ಸವಿತಾ | 20:35
ಈಗಿನ ಲೆಕ್ಕ: ಮತದಾರರ ಪಟ್ಟಿಯಲ್ಲಿ ಈಗಾಗಲೇ ಇರುವವರು ನಮ್ಮವರು 9, ಹೆಣಿಗೆ ಗುಂಪು 7. ಹದಿನಾರು. ಇವತ್ತು ಹೊಸದಾಗಿ ಅರ್ಜಿ ಹಾಕಿದವರು 6, ಅವರ ಹೆಸರು ಪಟ್ಟಿಗೆ ಬರಲು ಕೆಲವು ವಾರ ಹಿಡಿಯಬಹುದು. ಎಲ್ಲ ಬಂದರೆ 22. ಯಾರದಾದರೂ ಬಿಟ್ಟುಹೋದರೆ ಕಷ್ಟ, ಮೂವತ್ತಾದರೂ ಆಗಲಿ. ಇನ್ನೂ ಮಾತಾಡದ ಹದಿನೈದು ಮನೆಗೆ ನಾನೂ ಮಂಜುನೂ ನಾಳೆ ಸಂಜೆ ಹೋಗುತ್ತೇವೆ, ಬಾಗಿಲು ತೆಗೆಯಿರಿ.

ಶನಿವಾರ ಕ್ಲಾಸ್ ಮುಗಿದ ಮೇಲೆ 12 ಗಂಟೆಗೆ ಹಾಲ್‌ನಲ್ಲೇ ಸೇರೋಣ. ಲ್ಯಾಪ್‌ಟಾಪ್ ಇರುವವರು ತನ್ನಿ. ಹೆಸರು ಸೇರಿಸಲು ತೊಡಕಾದವರಿಗೆ ನಾಗರಾಜ್ ಅಂಕಲ್ ಕೂತು ಮಾಡಿಕೊಡುತ್ತಾರೆ.

ದೀಪ್ತಿ | 20:41
ನಮ್ಮಿಬ್ಬರದೂ ಹಾಕಿ ಆಯ್ತು ಅಕ್ಕ. ಶನಿವಾರ ಚಿತ್ರಾನ್ನ ನಾನು ತರ್ತೀನಿ. ಹೆಣಿಗೆ ಅಜ್ಜಿಯರಿಗೆ ಖಾರ ಕಮ್ಮಿ ಹಾಕಿ ಬೇರೆ ಡಬ್ಬಿ.