ಅಪ್‌ಡೇಟ್: ರಂಗನತಿಟ್ಟಿನ ಮಸುಕು ಫೋಟೋ ಸಮಸ್ಯೆ ಬಗೆಹರೀತು

ಎಲ್ರಿಗೂ ನಮಸ್ಕಾರ. ಹೋದ್ ವಾರ ಕೇಳಿದ್ನಲ್ಲ, ರಂಗನತಿಟ್ಟಲ್ಲಿ ದೋಣಿಯಿಂದ 300 ಎಂಎಂ ಜೂಮಲ್ಲಿ ತೆಗ್ದಿರೋ ಹಕ್ಕಿ ಫೋಟೋ ಒಂದೂ ಶಾರ್ಪಾಗಿ ಬರ್ತಿಲ್ಲ ಅಂತ, ಈ ಭಾನುವಾರ ಬೆಳಿಗ್ಗೇನೇ ಮೈಸೂರಿಂದ ಹೊರಟು ಮತ್ತೆ ಹೋಗಿದ್ದೆ, ಸರಿಹೋಯ್ತು!

ನೀವೆಲ್ಲ ಕೊಟ್ಟ ಸಲಹೆಗಳಲ್ಲಿ ಮೊನೊಪಾಡ್ (ಒಂಟಿ ಕೋಲಿನ ಕ್ಯಾಮರಾ ಸ್ಟ್ಯಾಂಡ್) ಐಡಿಯಾ ನಂಗೆ ಕೆಲ್ಸ ಮಾಡ್ಲಿಲ್ಲ, ದೋಣಿ ಅಲುಗಾಟ ಎಲ್ಲಾ ಕೋಲಿನ ಮೂಲಕ ಸೀದಾ ಕ್ಯಾಮರಾಗೇ ಬರುತ್ತೆ, ಕೈಯಲ್ಲಿ ಹಿಡಿಯೋದೇ ವಾಸಿ. ಕೆಲ್ಸ ಮಾಡಿದ್ದು ಶಟರ್ ಸ್ಪೀಡ್ ಏರಿಸು ಅನ್ನೋ ಸಲಹೆ, ಅಂದ್ರೆ ಶಟರ್ ಇನ್ನೂ ಕಮ್ಮಿ ಹೊತ್ತು ತೆರೆದಿರೋ ಹಾಗೆ ಮಾಡೋದು. ನಾನು 1/320 ಸೆಕೆಂಡಲ್ಲಿ ತೆಗೀತಿದ್ದೆ, 1/1600ಕ್ಕೆ ಏರಿಸಿ ಐಎಸ್ಓ (ಕ್ಯಾಮರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಆಟೋಗೆ ಬಿಟ್ಟೆ. ಫೋಟೋಲಿ ಸ್ವಲ್ಪ ಗ್ರೇನ್ (ಚುಕ್ಕೆ ಚುಕ್ಕೆ) ಬಂತು, ಬರ್ಲಿ ಬಿಡಿ, ಅಲುಗಾಡಿದ ಫೋಟೋಗಿಂತ ಅದೇ ಮೇಲು.

ಆದ್ರೆ ನಿಜವಾದ ಆಶ್ಚರ್ಯ ಲೆನ್ಸ್ ಮುಂದೆ ಹಾಕಿದ್ದ ಯುವಿ ಫಿಲ್ಟರ್‌ದು. ಹೋಗೋ ಮುಂಚೆ ಮನೇಲಿ ಕ್ಯಾಮರಾನ ಟ್ರೈಪಾಡ್ ಮೇಲಿಟ್ಟು, ಗೋಡೆ ಕ್ಯಾಲೆಂಡರ್‌ನ ಫಿಲ್ಟರ್ ಹಾಕಿ ಒಂದು, ತೆಗ್ದು ಒಂದು ಹೊಡ್ದು ನೋಡ್ದೆ. ಫಿಲ್ಟರ್ ಇದ್ದಾಗ ತಿಥಿ ನಕ್ಷತ್ರದ ಸಣ್ಣಕ್ಷರ ಎಲ್ಲಾ ಎರಡೆರಡಾಗಿ ಕಲಸಿಹೋಗಿತ್ತು, ತೆಗೆದ ಮೇಲೆ ನೀಟಾಗಿ ಓದ್ಬೋದು! ಕಡಿಮೆ ಬೆಲೆ ಗಾಜು, ಜೂಮ್ ಜಾಸ್ತಿ ಆದಷ್ಟೂ ಅದರ ದೋಷ ಎದ್ದು ಕಾಣುತ್ತೆ. ಈಗ ಬರೀ ಹುಡ್ (ಲೆನ್ಸ್ ತುದಿಗೆ ಹಾಕೋ ನೆರಳು ಕವಚ) ಹಾಕ್ಕೊಂಡಿದೀನಿ.

ಬಣ್ಣದ ಕೊಕ್ಕರೆ ಒಂದು ಗೂಡಿಗೆ ಕಡ್ಡಿ ಕಚ್ಕೊಂಡು ಬರ್ತಿರೋದು ಸಿಕ್ತು, ಕಡ್ಡಿ ತುದೀಲಿದ್ದ ಒಣಗಿದ ಎಲೆ ನರ ಕೂಡ ಎಣಿಸ್ಬೋದು. ಶಟರ್ ಸ್ಪೀಡ್ ಹೇಳಿದ ಅಣ್ಣಂಗೆ, ಫಿಲ್ಟರ್ ಬಿಚ್ಚಿ ನೋಡು ಅಂದ ಮಂಡ್ಯದ ಅಕ್ಕಂಗೆ ತುಂಬಾ ಥ್ಯಾಂಕ್ಸ್.