ಫ್ಲಾರೆನ್ಸ್‌ನಲ್ಲಿ ಎರಡು ದಿನ: ಮಂಡಿನೋವಿರುವ ತಾಯಿಯೊಂದಿಗೆ ಏನನ್ನು ನೋಡಬಹುದು?

ಪ್ರಶ್ನೆ:
ಬರುವ ಮಾರ್ಚ್‌ನಲ್ಲಿ ತಂದೆತಾಯಿಯರನ್ನು ಇಟಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ರೋಮ್‌ನಿಂದ ರೈಲಿನಲ್ಲಿ ಫ್ಲಾರೆನ್ಸ್ ತಲುಪಿ, ಮಂಗಳವಾರ ಬೆಳಿಗ್ಗೆ ವೆನಿಸ್‌ಗೆ ಹೊರಡುವ ಯೋಜನೆಯಿದೆ. ತಾಯಿಯವರು ನಿವೃತ್ತ ಚಿತ್ರಕಲಾ ಶಿಕ್ಷಕಿ. ಈ ಊರನ್ನು ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಆದರೆ ಮಂಡಿನೋವಿನಿಂದಾಗಿ ಹೆಚ್ಚು ಮೆಟ್ಟಿಲು ಹತ್ತಲಾರರು. ಉಫಿತ್ಸಿ ಗ್ಯಾಲರಿ, ಮೈಕೆಲೇಂಜಲೋನ ಡೇವಿಡ್ ಮತ್ತು ಕೆಥೆಡ್ರಲ್‌ನ ಗುಮ್ಮಟ, ಈ ಮೂರನ್ನೂ ಸೇರಿಸಿಕೊಳ್ಳಲು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಮೊದಲು ದಿನಗಳನ್ನು ಬದಲಾಯಿಸಲು ಸಾಧ್ಯವೇ ನೋಡಿ. ಉಫಿತ್ಸಿಗೂ ಡೇವಿಡ್ ಶಿಲ್ಪವಿರುವ ಅಕಾಡೆಮಿಯಾಕ್ಕೂ ಸೋಮವಾರ ರಜೆ. ತಿಂಗಳ ಮೊದಲ ಭಾನುವಾರವಾದರೆ ಪ್ರವೇಶ ಉಚಿತವಾಗಿರುವುದರಿಂದ ವಿಪರೀತ ಜನ ಸೇರುತ್ತಾರೆ. ಒಂದು ದಿನ ಮುಂದೂಡಿದರೆ ಎರಡನ್ನೂ ನೆಮ್ಮದಿಯಿಂದ ನೋಡಬಹುದು. ಟಿಕೆಟನ್ನು ಮಾತ್ರ ಮುಂಗಡವಾಗಿಯೇ ಕಾಯ್ದಿರಿಸಿ.

ಗುಮ್ಮಟ ಹತ್ತುವ ವಿಚಾರವನ್ನು ಕೈಬಿಡುವುದು ಒಳ್ಳೆಯದು. ಇಕ್ಕಟ್ಟಾದ ದಾರಿಯಲ್ಲಿ 463 ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ. ಅದರ ಹಿರಿಮೆ ಕೆಳಗೆ ನಿಂತು ನೋಡಿದರೂ ತಿಳಿಯುತ್ತದೆ. 1420ರಲ್ಲಿ ಆರಂಭವಾಗಿ 1436ರಲ್ಲಿ ಮುಗಿದ ಆ ಗುಮ್ಮಟವನ್ನು ವಾಸ್ತುಶಿಲ್ಪಿ ಬ್ರುನೆಲೆಸ್ಕಿ ನೆಲದಿಂದ ಮರದ ಆಧಾರವನ್ನೇ ಕೊಡದೆ, ಒಂದರೊಳಗೊಂದು ಎರಡು ಕವಚಗಳಾಗಿ ಕಟ್ಟಿಸಿದ. ಗಾರೆ ಒಣಗುವ ಮುನ್ನ ಇಟ್ಟಿಗೆಗಳು ಜಾರದಂತೆ, ನಡುನಡುವೆ ಕೆಲವನ್ನು ನೆಟ್ಟಗೆ ನಿಲ್ಲಿಸಿ ಸಾಲುಗಳನ್ನು ಬಂಧಿಸಿದ್ದಾನೆ.

ಉತ್ತರ 2:
ಚಿತ್ರಕಲೆ ಕಲಿಸಿದವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಕೆಥೆಡ್ರಲ್‌ನ ಹಿಂಬದಿಯಲ್ಲಿರುವ ಒಪೇರಾ ದೆಲ್ ದುವೋಮೊ ವಸ್ತುಸಂಗ್ರಹಾಲಯವನ್ನು. ಪ್ರವಾಸಿಗರು ಕೆಥೆಡ್ರಲ್‌ನ ಎದುರಿನ ಬ್ಯಾಪ್ಟಿಸ್ಟರಿಯ (ದೀಕ್ಷಾಸ್ನಾನದ ಮಂದಿರದ) ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಚಿನ್ನದ ಬಣ್ಣದ ಬಾಗಿಲು ಪ್ರತಿಕೃತಿ. ಶಿಲ್ಪಿ ಗಿಬರ್ತಿ 1425ರಿಂದ 1452ರವರೆಗೆ ದುಡಿದು ಮಾಡಿದ ಮೂಲ ಬಾಗಿಲು ಈ ಸಂಗ್ರಹಾಲಯದಲ್ಲಿದೆ. ಅದರ ಹತ್ತು ಫಲಕಗಳಲ್ಲಿ ಯಾವುದೇ ಒಂದನ್ನು ಪಕ್ಕದಿಂದ ಗಮನಿಸಲು ತಾಯಿಯವರಿಗೆ ಹೇಳಿ. ಮುಂದಿನ ಆಕೃತಿಗಳು ಹೆಚ್ಚುಕಡಿಮೆ ಪೂರ್ಣ ಶಿಲ್ಪಗಳಂತೆ ಹೊರಚಾಚಿರುತ್ತವೆ, ಹಿಂದೆ ಹೋದಂತೆ ಉಬ್ಬು ತಗ್ಗುತ್ತಾ, ದೂರದ ಮರ ಕಟ್ಟಡಗಳು ಲೋಹದ ಮೇಲೆ ಗೀಚಿದ ಗೆರೆಗಳಷ್ಟೇ ಆಗಿಬಿಡುತ್ತವೆ. ದೂರವನ್ನು ಇಷ್ಟು ಕಡಿಮೆ ದಪ್ಪದಲ್ಲಿ ತೋರಿಸಿದ ಕೆಲಸವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಬಂದಾಗ ಇವುಗಳಲ್ಲಿ ಐದು ಫಲಕಗಳು ಕಿತ್ತುಬಂದಿದ್ದವು.

ಅದೇ ಪ್ರವಾಹದಲ್ಲಿ ಚಿತ್ರಕಾರ ಚಿಮಾಬುವೆ ಬಣ್ಣದಲ್ಲಿ ಬರೆದ ಶಿಲುಬೆ ತನ್ನ ಬಣ್ಣದ ಬಹುಭಾಗವನ್ನು ಕಳೆದುಕೊಂಡಿತು. ಸಾಂತಾ ಕ್ರೋಚೆಯಲ್ಲಿ ಅದನ್ನು ಇಂದಿಗೂ ಆ ಗಾಯಗಳೊಂದಿಗೇ ಇರಿಸಿದ್ದಾರೆ. ಮೈಕೆಲೇಂಜಲೋ ಮತ್ತು ಗೆಲಿಲಿಯೋ ಸಮಾಧಿಗಳೂ ಅದೇ ಚರ್ಚಿನಲ್ಲಿವೆ. ಭುಜ, ಮಂಡಿ ಮುಚ್ಚುವ ಉಡುಪಿರಲಿ; ಸೀರೆಯುಟ್ಟವರು ಸೆರಗು ಹೊದ್ದುಕೊಂಡರೆ ಸಾಕು.

ಉತ್ತರ 3:
ಮೇಲಿನ ಸಲಹೆಗಳನ್ನು ಒಪ್ಪುತ್ತೇನೆ. ಒಂದು ಮಹಡಿಯಷ್ಟು ಹತ್ತಬಲ್ಲರಾದರೆ ಸಾನ್ ಮಾರ್ಕೊ ಮಠವನ್ನೂ ಸೇರಿಸಿಕೊಳ್ಳಿ. ಚಿತ್ರಕಾರನೂ ಆಗಿದ್ದ ಸನ್ಯಾಸಿ ಫ್ರಾ ಆಂಜೆಲಿಕೊ ಇತರ ಸನ್ಯಾಸಿಗಳ ಕೋಣೆಗಳ ಗೋಡೆಗಳ ಮೇಲೆಯೇ ಬರೆದ ಚಿತ್ರಗಳು, ಬರೆದ ಜಾಗದಲ್ಲೇ ಉಳಿದಿವೆ.

ತಂದೆಯವರಿಗೆ ಇತಿಹಾಸದಲ್ಲಿ ಆಸಕ್ತಿಯಿದ್ದರೆ ಕಾಶಿನೆ ಉದ್ಯಾನದ ಪಶ್ಚಿಮ ತುದಿಗೆ ಟ್ಯಾಕ್ಸಿಯಲ್ಲಿ ಹೋಗಿಬನ್ನಿ. ಇಂಗ್ಲೆಂಡಿನಿಂದ ಮರಳುವ ದಾರಿಯಲ್ಲಿ 1870ರಲ್ಲಿ ಈ ಊರಿನಲ್ಲಿ ತೀರಿಕೊಂಡ, ಇನ್ನೂ ಇಪ್ಪತ್ತರ ಹರೆಯದ ಕೊಲ್ಹಾಪುರದ ರಾಜಾರಾಮ ಮಹಾರಾಜರ ಅಂತ್ಯಕ್ರಿಯೆ ಅಲ್ಲಿ, ಆರ್ನೋ ಮತ್ತು ಮುನ್ಯೋನೆ ನದಿಗಳ ಸಂಗಮದಲ್ಲಿ, ಹಿಂದೂ ವಿಧಿಯಂತೆ ನಡೆಯಿತು. ಛತ್ರಿಯಾಕಾರದ ಮಂಟಪದಡಿಯಲ್ಲಿ ಅವರ ಪ್ರತಿಮೆಯಿದೆ. ಸಮೀಪದ ಸೇತುವೆಗೂ ‘ಭಾರತೀಯನ ಸೇತುವೆ’ ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.