ಪದಚರ್ಚೆ: ‘ಸರ್ವಿಸ್ ಗ್ರೇಡ್’ ರೈಫಲು ‘ಸೇವಾ ದರ್ಜೆ’ಯದೇ?

ಪ್ರಶ್ನೆ

ಅಮೆರಿಕದ ಸೇನೆಯ ಹಳೆಯ ಎಂ1 ಗ್ಯಾರಂಡ್ ರೈಫಲು ಕೊಳ್ಳುವವರಿಗಾಗಿ ಇರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಹೆಚ್ಚಾಗಿ ಅಲ್ಲಿಯ ಪೌರತ್ವ ಪಡೆದ, ಗುರಿಯಾಟದ ಹವ್ಯಾಸವಿರುವ ಕನ್ನಡಿಗರು. ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ, ಚಿಕ್ಕದಾಗಿ ಸಿಎಂಪಿ, ಎಂಬ ಅಲ್ಲಿಯ ಗುರಿಯಾಟದ ಸಂಸ್ಥೆ ಈ ರೈಫಲುಗಳನ್ನು ರ‍್ಯಾಕ್, ಫೀಲ್ಡ್, ಸರ್ವಿಸ್, ಸ್ಪೆಷಲ್, ಕರೆಕ್ಟ್, ಕಲೆಕ್ಟರ್ ಎಂಬ ಗ್ರೇಡುಗಳಲ್ಲಿ ಮಾರುತ್ತ ಬಂದಿದೆ. ನಾನು ಚರಣಿಗೆ ದರ್ಜೆ, ಕ್ಷೇತ್ರ ದರ್ಜೆ, ಸೇವಾ ದರ್ಜೆ, ವಿಶೇಷ ದರ್ಜೆ, ಸರಿಯಾದ ದರ್ಜೆ, ಸಂಗ್ರಾಹಕ ದರ್ಜೆ ಎಂದು ಮಾಡಿಕೊಂಡಿದ್ದೇನೆ. ಓದಿಕೊಂಡರೆ ನನಗೇ ನಗು ಬರುತ್ತದೆ. ಒಂದು ವಾಕ್ಯ ನೋಡಿ:

‘ಸೇವಾ ದರ್ಜೆ: ಒಳ್ಳೆಯದರಿಂದ ಬಹಳ ಒಳ್ಳೆಯ ಸ್ಥಿತಿ. ಮೂತಿ 3 ಅಥವಾ ಕಡಿಮೆ ಅಂಕ, ಗಂಟಲ ಕೊರೆತ 5ಕ್ಕಿಂತ ಕಡಿಮೆ ಅಂಕ. ಲೋಹದ ಮೇಲೆ ಸ್ವಲ್ಪ ತುಕ್ಕು ಇರಬಹುದು.’

ಇದರಲ್ಲಿ ಏನು ತಪ್ಪಿದೆ? ಜೊತೆಗೆ ‘ಹೆಚ್ಚುವರಿ ಸೇನಾ ರೈಫಲು’ ಎಂಬ ಮಾತು ಸರಿಯೇ?

ಉತ್ತರ 1

‘ದರ್ಜೆ’ಯಿಂದಲೇ ಶುರು ಮಾಡೋಣ. ಕನ್ನಡದಲ್ಲಿ ದರ್ಜೆ ಅಂದರೆ ಹುದ್ದೆ, ಅಂತಸ್ತು: ಪ್ರಥಮ ದರ್ಜೆ ಸಹಾಯಕ, ಮೂರನೇ ದರ್ಜೆಯ ಮಾತು. ಮಾಲಿನ ವಿಂಗಡಣೆಗೆ ನಮ್ಮ ಪೇಟೆಗಳು ಈ ಪದವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅನ್ನುತ್ತಾರೆ, ಅಷ್ಟೇ. ‘ಸರಕು’ ನಿಘಂಟಿನಲ್ಲಿ ಬರೀ ಮಾಲು. ಮಂಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದರ ಸಿಗುವ ಅಡಿಕೆ. ಪದದ ಅರ್ಥ ಬಿಡಿಸಿಕೊಂಡು ಅಡಿಕೆ ಕೊಳ್ಳಲು ಹೋದವನು ಮುಳುಗುತ್ತಾನೆ. ಫೀಲ್ಡ್, ಸರ್ವಿಸ್ ಕೂಡ ಇಂಥ ಮಂಡಿಯ ಹೆಸರುಗಳೇ. ಅವನ್ನು ಹಾಗೇ ಬಿಡಿ, ಮುಂದೆ ‘ಗ್ರೇಡು’ ಸೇರಿಸಿ, ಕೆಳಗೆ ಆ ಗ್ರೇಡಿನ ರೈಫಲು ಹೇಗಿರುತ್ತದೆಂದು ಕನ್ನಡದಲ್ಲಿ ಬಿಡಿಸಿ ಹೇಳಿ.

ಅದರಲ್ಲೂ ‘ಸರ್ವಿಸ್’ ಅಪಾಯದ ಪದ. ‘ಸೇವೆ’ ಅಂದರೆ ದೇವಸ್ಥಾನದ ರಸೀದಿ ನೆನಪಾಗುತ್ತದೆ. ಬರೀ ‘ಸರ್ವಿಸ್’ ಅಂದರೆ ಸ್ಕೂಟರಿನ ಹಾಗೆ ‘ಸರ್ವಿಸ್ ಮಾಡಿಸಿದ್ದು’ ಎಂದು ಓದುಗ ತಿಳಿಯುತ್ತಾನೆ. ಈ ಗ್ರೇಡಿಗೆ ಅಂಥ ಭರವಸೆ ಇಲ್ಲ. ಮರದಲ್ಲಿ ಕೂದಲೆಳೆ ಬಿರುಕು, ಜಜ್ಜು, ಗೀರು ಇರಬಹುದು. ಹಿಂದಿನ ಮರ ವಾಲ್‌ನಟ್, ಮುಂದಿನದು ಬರ್ಚ್ ಆಗಿ ಬಣ್ಣ ಬೇರೆಬೇರೆ ಇರಬಹುದು. ಪಾರ್ಕರೈಸಿಂಗ್, ಅಂದರೆ ಉಕ್ಕಿನ ಮೇಲಿನ ಬೂದು ಫಾಸ್ಫೇಟ್ ಪದರ, ಅಲ್ಲಲ್ಲಿ ಸವೆದಿರುತ್ತದೆ. ಹಳೆಯದಾದರೂ ಕೆಲಸಕ್ಕೆ ಒದಗುವ ರೈಫಲು ಎಂಬುದೇ ಹೆಸರಿನ ಹಿಂದಿನ ಭಾವ. ಹೊಸ ನಳಿಗೆ, ಹೊಸ ವಾಲ್‌ನಟ್ ಮರ, ಹೊಸ ಮೇಲ್ಪದರದೊಡನೆ ಬರುವುದು ಸ್ಪೆಷಲ್ ಗ್ರೇಡು. ‘ವಿಶೇಷ’ ಅಂದರೆ ಅಪರೂಪದ್ದು ಎಂದು ಓದುಗ ಎಣಿಸುತ್ತಾನೆ. ಇಲ್ಲಿ ಅದು ‘ಹೊಸದು ಮಾಡಿದ್ದು’. ಹಳೆಯದನ್ನು ಹಳೆಯದಾಗಿಯೇ ಬಯಸುವ ಸಂಗ್ರಹಕಾರನಿಗೆ ಇದು ಕೀಳು, ಪಂದ್ಯಕ್ಕೆ ಹೋಗುವವನಿಗೆ ಮೇಲು. ಹಾಗಾಗಿ ಈ ಆರನ್ನು ಕೆಳಗಿನಿಂದ ಮೇಲಕ್ಕೆ ಏಣಿಯಂತೆ ಜೋಡಿಸುವುದೂ ತಪ್ಪು. ರ‍್ಯಾಕ್, ಫೀಲ್ಡ್, ಸರ್ವಿಸ್ ಮಾತ್ರ ಒಂದು ಏಣಿ. ಉಳಿದವು ಬೇರೆ ಬೇರೆ ದಾರಿ.

‘ಕರೆಕ್ಟ್’ ಅನ್ನು ‘ಸರಿಯಾದ’ ಮಾಡಿದರೆ ಮಿಕ್ಕವೆಲ್ಲ ಸರಿಯಿಲ್ಲ ಎಂದಾಗುತ್ತದೆ. ಆ ರೈಫಲು ತಯಾರಾದ ಕಾರ್ಖಾನೆಗೆ, ಆ ಕಾಲಕ್ಕೆ ಒಪ್ಪುವ ಬಿಡಿಭಾಗಗಳೇ ಅದರಲ್ಲಿವೆ ಎಂಬುದು ಅದರ ಅರ್ಥ. ಎಂ1 ಅನ್ನು ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಮತ್ತು ವಿಂಚೆಸ್ಟರ್ ಮಾಡಿದವು. 1950ರ ದಶಕದಲ್ಲಿ ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸೇರಿಕೊಂಡವು. ಸೇನೆಯ ರಿಪೇರಿ ಡಿಪೋಗಳಲ್ಲಿ ಇವೆಲ್ಲದರ ಭಾಗಗಳು ಕಲಸಿಹೋದವು. ಹಾಗಾಗಿ ‘ಕಾಲಕ್ಕೊಪ್ಪುವ ಭಾಗಗಳದ್ದು’ ಎನ್ನಬಹುದು. ಇನ್ನೊಂದು: ‘ಜೋಡಿ ನಂಬರು’ (ಎಲ್ಲ ಭಾಗಗಳ ಮೇಲೂ ಒಂದೇ ನಂಬರು) ಎಂಬ ಮಾತನ್ನು ಎಂ1ಗೆ ತರಲೇಬೇಡಿ. ಸೀರಿಯಲ್ ನಂಬರು ಇರುವುದು ರಿಸೀವರಿನ, ಅಂದರೆ ನಳಿಗೆಯ ಹಿಂದಿನ ಉಕ್ಕಿನ ಚೌಕಟ್ಟಿನ, ಮೇಲೆ ಮಾತ್ರ. ಉಳಿದ ಭಾಗಗಳ ಮೇಲಿರುವುದು ನಕ್ಷೆಯ ನಂಬರು. ನಳಿಗೆಯ ತಿಂಗಳು-ವರ್ಷ ಬೇಕಾದರೆ ಆಪರೇಟಿಂಗ್ ರಾಡನ್ನು ಹಿಂದಕ್ಕೆಳೆದು ಬಲಪಕ್ಕದಲ್ಲಿ ನೋಡಬೇಕು. ಜೋಡಿ ನಂಬರಿನ ಮಾತು ಹೊಂದುವುದು ರಷ್ಯದ ಮೋಸಿನ್-ನಗಾಂಟ್‌ನಂಥವಕ್ಕೆ. ಅಲ್ಲೂ ಹಳೆಯ ನಂಬರಿಗೆ ಗೀಟೆಳೆದು ಹೊಸದನ್ನು ಕೊರೆದದ್ದಾದರೆ ಅದು ಹುಟ್ಟಿನ ಜೋಡಿಯಲ್ಲ, ಡಿಪೋ ಕೂಡಿಸಿದ ಜೋಡಿ.

ಈಗ ‘ಅಂಕ’. ಅಂಕ ಅಂದರೆ ಹೆಚ್ಚಿದಷ್ಟೂ ಒಳ್ಳೆಯದು, ಶಾಲೆಯಿಂದ ಬಂದ ಅಭ್ಯಾಸ. ಇಲ್ಲಿ ಲೆಕ್ಕ ತಿರುಗುಮುರುಗು. ಗಂಟಲು ಅಂದರೆ ತೋಟಾ ಕೂರುವ ಚೇಂಬರು ಮುಗಿದು ನಳಿಗೆ ಶುರುವಾಗುವ ಜಾಗ. ಅದರ ಗೇಜು ಅಂದರೆ ಮೊನೆಯತ್ತ ಸಣ್ಣಗಾಗುತ್ತ ಹೋಗುವ ಉಕ್ಕಿನ ಸಲಾಕೆ, ಮೇಲೆ ಗೀಟುಗಳು. ನಳಿಗೆಯನ್ನು ಚೊಕ್ಕ ಮಾಡಿ, ಬೋಲ್ಟನ್ನು, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡನ್ನು, ಹಿಂದೆ ನಿಲ್ಲಿಸಿ, ಚೇಂಬರಿನ ಕಡೆಯಿಂದ ಇಳಿಸಬೇಕು. ಒತ್ತಬಾರದು, ತನ್ನ ಭಾರಕ್ಕೆ ತಾನೇ ಕೂರಬೇಕು. ಒಂದೊಂದು ಗೀಟೂ ಇಂಚಿನ ಸಾವಿರದಲ್ಲೊಂದು ಪಾಲು: ನಳಿಗೆಯ ಒಳಗಾತ್ರ 0.300 ಇಂಚು ಇರಬೇಕಾದಲ್ಲಿ ಗೀಟು 5 ಅಂದರೆ 0.305ಕ್ಕೆ ಹಿಗ್ಗಿದೆ ಎಂದರ್ಥ. ಹೊಸ ನಳಿಗೆ ಸಾಮಾನ್ಯವಾಗಿ 1ರ ಆಸುಪಾಸು ತೋರಿಸುತ್ತದೆ. ಏಕಮಾನ ಹೇಳದೆ ಬರೀ ‘5’ ಬರೆದರೆ ಮಿಲಿಮೀಟರ್ ಎಂದುಕೊಳ್ಳುವವರೂ ಇದ್ದಾರೆ. ‘ಗೇಜಿನ 5ನೇ ಗೀಟಿನೊಳಗೆ’ ಎಂದು ಬರೆಯಿರಿ, ಗೊಂದಲ ಹೋಗುತ್ತದೆ.

‘ಗಂಟಲ ಕೊರೆತ’ ಬೇಡ, ಕಡಲ್ಕೊರೆತದ ಹಾಗೆ ಕೇಳುತ್ತದೆ. ‘ಗಂಟಲು ಸವೆತ’ ಸಾಕು. ‘ಮೂತಿ’ ಪ್ರಾಣಿಗೆ, ಕೋವಿಗೆ ಇರುವುದು ಬಾಯಿ. ಗಂಟಲು ಸವೆಯುವುದು ಗುಂಡು ಹೊಡೆದು: ಬಿಸಿ ಗಾಳಿ ಮೊದಲು ತಾಗುವುದೇ ಅಲ್ಲಿ. ಬಾಯಿ ಸವೆಯುವುದು ತಿಕ್ಕಿ: ಎಂ1ರ ರಿಸೀವರು ಹಿಂದೆ ಮುಚ್ಚಿರುವುದರಿಂದ ಕ್ಲೀನಿಂಗ್ ರಾಡನ್ನು ಬಾಯಿಯಿಂದಲೇ ತೂರಿಸಬೇಕು, ಉಕ್ಕಿನ ಕಡ್ಡಿ ಅಂಚನ್ನು ಉಜ್ಜುತ್ತಲೇ ಇರುತ್ತದೆ. ಗಂಟಲು 2, ಬಾಯಿ 4 ಬಂದರೆ ಆ ರೈಫಲು ಗುಂಡು ಹಾರಿಸಿದ್ದು ಕಡಿಮೆ, ತಿಕ್ಕಿಸಿಕೊಂಡದ್ದು ಹೆಚ್ಚು. ಗಂಟಲು 5, ಬಾಯಿ 1 ಆದರೆ ಕಥೆ ಉಲ್ಟಾ. ಗುರಿ ಕೆಡಿಸುವುದರಲ್ಲಿ ಬಾಯಿ ಸವೆತವೇ ಮುಂದು, ಏಕೆಂದರೆ ಗುಂಡು ಕಡೆಯದಾಗಿ ಬಿಟ್ಟುಹೋಗುವ ಅಂಚು ಅದು. ಗೇಜು ಕೈಯಲ್ಲಿಲ್ಲದವರು ಮದ್ದಿಲ್ಲದ ಡಮ್ಮಿ ತೋಟಾದ ತುದಿಯನ್ನು ಬಾಯಿಗೆ ಇಟ್ಟು ನೋಡುತ್ತಾರೆ. ಗುಂಡು ಪೂರ್ತಿ ಇಳಿದು ತೋಟಾದ ಹಿತ್ತಾಳೆ ಕೇಸಿನ ಅಂಚೇ ನಳಿಗೆಗೆ ತಾಗಿದರೆ ಬಾಯಿ ಹೋಗಿದೆ. ಇದು ಅಂದಾಜು, ಅಳತೆಯಲ್ಲ. ನಿಜವಾದ ತೋಟಾದಲ್ಲಿ ಈ ಪರೀಕ್ಷೆ ಮಾಡಲೇಬಾರದು. ಕೈಪಿಡಿಯಲ್ಲಿ ಈ ಸಾಲು ಬಿಡಬೇಡಿ.

‘ಸ್ವಲ್ಪ ತುಕ್ಕು’ ಎಂದು ಬರೆದದ್ದು ನಿಮ್ಮ ದೊಡ್ಡ ತಪ್ಪು. ಮೂಲ ಹೇಳುವುದು ಪಿಟಿಂಗ್. ತುಕ್ಕು ಹಿಡಿಯುವುದು ಬೇರೆ, ತುಕ್ಕು ತಿನ್ನುವುದು ಬೇರೆ, ನಮ್ಮ ಆಡುಮಾತಿಗೇ ಈ ಭೇದ ಗೊತ್ತು. ಹಿಡಿದದ್ದು ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ, ತಿಂದದ್ದು ಗುಳಿಯಾಗಿ ಉಳಿಯುತ್ತದೆ. ಎನ್‌ಆರ್‌ಎ (ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್) ಪಟ್ಟಿಯ ‘ಫೇರ್’ ಸ್ಥಿತಿಯಲ್ಲಿ ತುಕ್ಕು ಇರಕೂಡದು, ತಿಂದ ಗುಳಿಗಳಿರಬಹುದು. ‘ತುಕ್ಕಿನ ಗುಳಿ’ ಎಂಬ ಪದವಿಲ್ಲದಿದ್ದರೆ ಈ ವಾಕ್ಯ ಕನ್ನಡದಲ್ಲಿ ಅಸಂಬದ್ಧವಾಗುತ್ತದೆ. ಗುಳಿ ಬಿದ್ದದ್ದೇಕೆ ಎಂದೂ ಒಂದು ಸಾಲು ಸೇರಿಸಿ: ಹಳೆಯ ಸೇನಾ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟು ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ, ಉಪ್ಪು ಗಾಳಿಯ ತೇವ ಎಳೆಯುತ್ತದೆ. ಎಣ್ಣೆಗೆ ಅದು ಕರಗದು, ನೀರಿಗೆ ಕರಗುತ್ತದೆ. ಬರೀ ಎಣ್ಣೆಯಲ್ಲಿ ಒರೆಸಿ ಇಟ್ಟವರ ನಳಿಗೆಗಳೇ ಒಳಗೊಳಗೆ ತಿನ್ನಿಸಿಕೊಂಡಿರುವುದು.

ಕಡೆಗೆ ‘ಒಳ್ಳೆಯದು’. ಎನ್‌ಆರ್‌ಎಯ ಈಚಿನ ಬಂದೂಕುಗಳ ಪಟ್ಟಿಯಲ್ಲಿ ‘ಗುಡ್’ ಇರುವುದು ಕೆಳಗಿನಿಂದ ಮೂರನೆಯ ಮೆಟ್ಟಿಲಲ್ಲಿ, ಅದರ ಕೆಳಗೆ ಫೇರ್, ಪೂರ್ ಎರಡೇ. ಸುರಕ್ಷಿತವಾಗಿ ನಡೆಯುತ್ತದೆ, ಸವೆತ ಕಡಿಮೆ, ಮುರಿದ ಭಾಗವಿಲ್ಲ ಎಂಬುದಷ್ಟೇ ಭರವಸೆ. ಪ್ರಾಚೀನ ಬಂದೂಕುಗಳ ಪಟ್ಟಿಯಲ್ಲಿ ಅದೇ ‘ಗುಡ್’ ಇನ್ನೂ ಸಡಿಲ: ಸಣ್ಣ ಭಾಗಗಳು ಬದಲಾಗಿರಬಹುದು, ಲೋಹವನ್ನು ತುಕ್ಕು ಅಲ್ಲಲ್ಲಿ ತಿಂದಿರಬಹುದು, ಮರದ ಬಿರುಕು ರಿಪೇರಿಯಾಗಿರಬಹುದು. ಅಂದರೆ ಮಾರುವವನು ಯಾವ ಪಟ್ಟಿ ಹಿಡಿದು ‘ಗುಡ್’ ಅನ್ನುತ್ತಿದ್ದಾನೆಂದು ಮೊದಲು ಕೇಳಬೇಕು. ನಮ್ಮ ‘ಪರವಾಗಿಲ್ಲ’ಕ್ಕೆ ಅದು ಹತ್ತಿರ. ‘ಒಳ್ಳೆಯದರಿಂದ ಬಹಳ ಒಳ್ಳೆಯ’ ಎಂದು ಓದಿದ ಕನ್ನಡಿಗ ಪೆಟ್ಟಿಗೆ ಬಿಚ್ಚಿದ ದಿನ ನಿಮಗೇ ಫೋನ್ ಮಾಡುತ್ತಾನೆ.

ಉತ್ತರ 2

ಮೇಲಿನವರು ನಳಿಗೆಯ ಎರಡು ತುದಿ ಹೇಳಿದರು, ಹೆಡ್‌ಸ್ಪೇಸ್ ಬಿಟ್ಟರು. ಬೋಲ್ಟಿನ ಮುಖದಿಂದ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ ಅದು. ಎಂ1ರ .30-06 ತೋಟಾ ತನ್ನ ಭುಜದ ಮೇಲೆ ನಿಲ್ಲುತ್ತದೆ, ಬ್ರಿಟಿಷರ .303 ತೋಟಾ ತನ್ನ ಬುಡದ ಅಂಚಿನ ಮೇಲೆ. ಅಂತರ ಹೆಚ್ಚಾದರೆ ಕೇಸು ಹಿಗ್ಗಿ ಬುಡದ ಹತ್ತಿರ ಹರಿದು ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ‘ತಲೆಜಾಗ’ ಎಂದು ಯಾರೂ ಮಾಡದಿರಲಿ, ಹೆಡ್‌ಸ್ಪೇಸ್ ಎಂದೇ ಇರಲಿ. ಆದರೆ ಗೋ, ನೋ-ಗೋ ಗೇಜುಗಳಿಗೆ ಕನ್ನಡ ಚೆನ್ನಾಗಿ ಒಗ್ಗುತ್ತದೆ: ‘ಮುಚ್ಚಲೇಬೇಕಾದ ಗೇಜು’, ‘ಮುಚ್ಚಬಾರದ ಗೇಜು’. ಮೊದಲನೆಯದನ್ನು ಇಟ್ಟಾಗ ಬೋಲ್ಟು ಮುಚ್ಚಬೇಕು, ಎರಡನೆಯದನ್ನು ಇಟ್ಟಾಗ ಮುಚ್ಚಬಾರದು. ಎರಡನೆಯದರ ಮೇಲೂ ಮುಚ್ಚಿದರೆ ಮೂರನೆಯದಾದ ಫೀಲ್ಡ್ ಗೇಜು ಇಟ್ಟು ನೋಡುತ್ತಾರೆ, ಅದರ ಮೇಲೂ ಮುಚ್ಚಿದರೆ ಗುಂಡು ಹಾಕುವ ಮಾತೇ ಇಲ್ಲ. ಈ ‘ಫೀಲ್ಡ್’ಗೂ ಫೀಲ್ಡ್ ಗ್ರೇಡಿಗೂ ಸಂಬಂಧವಿಲ್ಲ, ಅಡಿಟಿಪ್ಪಣಿ ಹಾಕಿ. ಎಂ1ರಲ್ಲಿ ಅಳೆಯುವ ಮುಂಚೆ ಬೋಲ್ಟಿನ ಇಜೆಕ್ಟರ್, ಅಂದರೆ ಖಾಲಿ ಕೇಸನ್ನು ಹೊರಕ್ಕೆ ಎಸೆಯುವ ಭಾಗ, ಬಿಚ್ಚಬೇಕು. ಇಲ್ಲದಿದ್ದರೆ ಅದರ ಸ್ಪ್ರಿಂಗು ಗೇಜನ್ನು ನೂಕಿ ಸುಳ್ಳು ಹೇಳಿಸುತ್ತದೆ.

ಗ್ರೇಡು ಹೇಳದ ಇನ್ನೊಂದು ವಿಷಯವಿದೆ. ಎಂ1ಗಿಂತ ಹಿಂದಿನ 1903 ಸ್ಪ್ರಿಂಗ್‌ಫೀಲ್ಡ್ ರೈಫಲಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯದಾದರೆ 8,00,000ಕ್ಕಿಂತ, ರಾಕ್ ಐಲ್ಯಾಂಡ್ ಎಂಬ ಇನ್ನೊಂದು ಸೇನಾ ಕಾರ್ಖಾನೆಯದಾದರೆ 2,85,507ಕ್ಕಿಂತ ಕೆಳಗಿನ ನಂಬರಿನ ರಿಸೀವರುಗಳನ್ನು ಹದ ಹಾಕುವಾಗ ಅತಿಯಾಗಿ ಕಾಯಿಸಿದ್ದುಂಟು. ಅಂಥವು ಗಾಜಿನಂತೆ ಒಡೆಯಬಲ್ಲವು. ನೋಡಲು ಹೊಳೆಯುತ್ತಿದ್ದರೂ ಗೋಡೆಗೆ ತೂಗುಹಾಕಲಷ್ಟೇ ಸರಿ. ಅಲ್ಲಿ ಗ್ರೇಡಿಗಿಂತ ನಂಬರು ಮುಖ್ಯ.

‘ಹೆಚ್ಚುವರಿ’ ಬೇಡ. ಹೆಚ್ಚುವರಿ ಬಸ್ಸು ಅಂದರೆ ಹಬ್ಬಕ್ಕೆ ಬಿಟ್ಟ ಇನ್ನಷ್ಟು ಬಸ್ಸು. ‘ಹೆಚ್ಚುವರಿ ಸೇನಾ ರೈಫಲು’ ಅಂದರೆ ಸೇನೆ ಇನ್ನಷ್ಟು ತರಿಸಿಕೊಂಡಿದೆ ಎಂದಾಗುತ್ತದೆ. ‘ಗುಜರಿ’ ತೂಕದ ಲೆಕ್ಕದ್ದು. ‘ಕಂಡಮ್’ ಅಂದರೆ ಕೆಲಸಕ್ಕೆ ಬಾರದು ಎಂದು ಬರೆದುಕೊಟ್ಟದ್ದು, ಆದರೆ ಇಲ್ಲಿ ರೈಫಲು ಕೆಟ್ಟಿಲ್ಲ, ಸೇನೆಗೆ ಬೇಡವಾಗಿದೆ ಅಷ್ಟೇ. ನಮ್ಮಲ್ಲಿ ಇದಕ್ಕೆ ಸರಿಯಾದ ಮಾತು ಆಗಲೇ ಇದೆ: ಮಿಲಿಟರಿ ಡಿಸ್ಪೋಸಲ್ ಜೀಪು ಎಂದರೆ ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ. ‘ಮಿಲಿಟರಿ ಡಿಸ್ಪೋಸಲ್ ರೈಫಲು’ ಎನ್ನಿ. ಅಚ್ಚಗನ್ನಡವೇ ಬೇಕೆಂದರೆ ‘ಸೇನೆ ಬಿಟ್ಟುಕೊಟ್ಟ ರೈಫಲು’. ಮಾರಾಟದ ಷರತ್ತಿನ ಸಾಲಿಗೆ ಬ್ಯಾಂಕ್ ಹರಾಜಿನ ಪ್ರಕಟಣೆಯ ‘ಎಲ್ಲಿದೆಯೋ ಹೇಗಿದೆಯೋ ಹಾಗೆಯೇ’ ಚೆನ್ನಾಗಿ ಹೊಂದುತ್ತದೆ.

ರೈಫಲಿಗೇ ಡಿಸ್ಪೋಸಲ್ ಪೇಟೆಯ ಪದಗಳು ಕನ್ನಡದಲ್ಲಿ ಹುಟ್ಟದಿರಲು ಕಾರಣ ಸರಳ: ಭಾರತದಲ್ಲಿ ಅಂಥ ಪೇಟೆ ಇಲ್ಲ. .303, 7.62 ಎರಡೂ ಸಾಮಾನ್ಯ ಲೈಸೆನ್ಸಿಗೆ ಸಿಗದ, ನಿಷೇಧಿತ ಬೋರು. ನಾಗರಿಕರಿಗೆಂದೇ ಆರ್ಡ್‌ನೆನ್ಸ್ ಕಾರ್ಖಾನೆ .315 ರೈಫಲು ಮಾಡಿತು. ನಳಿಗೆ, ಕುದುರೆ, ತೋಟಾ, ಮದ್ದು, ಈಡು, ಚರೆ ಎಲ್ಲ ಮಲೆನಾಡು-ಕೊಡಗಿನ ಬೇಟೆಯ ಕೋವಿಯಿಂದ ಬಂದ ಸೊತ್ತು. ಒಂದು ಪದ ಮಾತ್ರ ಕವಾಯತು ಮೈದಾನದ್ದು. ಎನ್‌ಸಿಸಿ ಮಾಡಿದವರಿಗೆ ‘ಡಿಪಿ ರೈಫಲು’ ಗೊತ್ತು. ಡಿಪಿ ಅಂದರೆ ಡ್ರಿಲ್ ಪರ್ಪಸ್, ಕವಾಯತಿಗೆ ಮಾತ್ರ. ಬ್ರಿಟಿಷರ .303 ರೈಫಲಾದ ಲೀ-ಎನ್‌ಫೀಲ್ಡ್ ಕೊಳ್ಳುವವರು ಹೊರದೇಶದ ಪೇಟೆಗಳಲ್ಲಿ ಈ ಎರಡಕ್ಷರದ ಮುದ್ರೆ ಹುಡುಕಲೇಬೇಕು. ಹಲವದರ ಚೇಂಬರಿಗೆ ತೂತು ಕೊರೆದಿರುತ್ತಾರೆ. ತೂತು ಮುಚ್ಚಿ ಬಣ್ಣ ಬಳಿದಿದ್ದರೂ ಗುಂಡು ಹಾಕಬಾರದು. ‘ಅಭ್ಯಾಸದ ರೈಫಲು’ ಎಂದು ಅನುವಾದಿಸಿದರೆ ಗುರಿ ಅಭ್ಯಾಸಕ್ಕೆ ಎಂದು ತಿಳಿದಾರು. ‘ಕವಾಯತು ಬಂದೂಕು’ ಎಂದೇ ಬರೆಯಿರಿ.

ಕೇಳಿದವರಿಂದ

ಇಬ್ಬರಿಗೂ ವಂದನೆ. ತಿದ್ದಿದ ಸಾಲು ಹೀಗಿದೆ, ಮತ್ತೊಮ್ಮೆ ನೋಡಿ:

‘ಸರ್ವಿಸ್ ಗ್ರೇಡು: ಹಳೆಯದು, ಕೆಲಸಕ್ಕೆ ಒದಗುತ್ತದೆ. ಬಾಯಿ ಸವೆತ ಗೇಜಿನ 3ನೇ ಗೀಟಿನವರೆಗೆ, ಗಂಟಲು ಸವೆತ 5ನೇ ಗೀಟಿನೊಳಗೆ. ಸಂಖ್ಯೆ ಕಡಿಮೆಯಿದ್ದಷ್ಟೂ ಮೇಲು. ಲೋಹದ ಮೇಲೆ ಅಲ್ಲಲ್ಲಿ ತುಕ್ಕಿನ ಸಣ್ಣ ಗುಳಿಗಳಿರಬಹುದು. ಮರದಲ್ಲಿ ಕೂದಲೆಳೆ ಬಿರುಕು, ಜಜ್ಜು ಇರಬಹುದು, ಬಣ್ಣ ಒಂದೇ ಇರಬೇಕೆಂದಿಲ್ಲ.’

ಉಳಿದದ್ದು ಒಂದೇ ಪದ. ಬಾಯಿ ಸವೆದ ಮೋಸಿನ್‌ಗಳಲ್ಲಿ ಸವೆದಷ್ಟು ಉದ್ದವನ್ನು ಅಗಲಕ್ಕೆ ಕೊರೆದು, ಒಳಗೆ ಹೊಸ ಅಂಚು ಮಾಡುತ್ತಾರಲ್ಲ, ಕೌಂಟರ್‌ಬೋರ್? ‘ಮರುಬಾಯಿ’ ಎಂದಿಟ್ಟಿದ್ದೇನೆ.

ಉತ್ತರ 1ರವರಿಂದ

‘ಒಳಬಾಯಿ’ ಅನ್ನಿ. ಹೊಸ ಅಂಚು ಇರುವುದು ಒಳಗೆ, ಕೊಳ್ಳುವವನು ಟಾರ್ಚು ಬಿಟ್ಟು ನೋಡಬೇಕಾದದ್ದೂ ಅಲ್ಲೇ. ಹೊರ ಅಂಚು ಎಷ್ಟೇ ನಯವಾಗಿದ್ದರೂ ಬಾಯಿ ಸವೆತವನ್ನು ಅಲ್ಲಿ ಅಳೆದರೆ ಗೇಜು ತೋರಿಸುವುದಕ್ಕೆ ಅರ್ಥವಿಲ್ಲ.